ಗೆಳೆಯನ ಕಾರಿನ ಬಾನೆಟ್ ಎತ್ತುವ ಮುನ್ನ

ತನ್ನ ಕಾರಿನ ಎಂಜಿನ್ ಆಯಿಲನ್ನು ತಾನೇ ಬದಲಿಸಿಕೊಳ್ಳುವ ಮನುಷ್ಯನೊಬ್ಬ ಬೀದಿಯಲ್ಲಿದ್ದಾನೆ ಎಂಬ ಸುದ್ದಿ ಹಬ್ಬಲು ಎರಡು ಭಾನುವಾರ ಸಾಕು. ಮೂರನೆಯ ಭಾನುವಾರ ಬೆಳಗ್ಗೆ ಅವನ ಗೇಟಿನ ಮುಂದೆ ಬೇರೆ ಯಾರದೋ ಕಾರು ನಿಂತಿರುತ್ತದೆ. "ಏನಿಲ್ಲ ಗುರು, ಮುಂದೆ ಒಂಚೂರು ಸೌಂಡ್ ಬರ್ತಿದೆ. ಸುಮ್ನೆ ಒಂದ್ಸಲ ನೋಡು, ಅಷ್ಟೆ." ನೋಡಲು ಹೋದವನು ಬಾನೆಟ್ ಎತ್ತದೆ ಇರಲಾರ, ಬಾನೆಟ್ ಎತ್ತಿದವನು ಸ್ಪ್ಯಾನರ್ ಹಿಡಿಯದೆ ಇರಲಾರ. ಈ ಹವ್ಯಾಸದವರೆಲ್ಲರ ದೌರ್ಬಲ್ಯ ಇದು. ಹೊಗಳಿಕೆಗಿಂತ ಹೆಚ್ಚಾಗಿ, ನಮ್ಮದಲ್ಲದ ಎಂಜಿನ್ನಿನೊಳಗೆ ಇಣುಕುವ ಆಸೆಗೇ ನಾವು ಸೋಲುವುದು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಗೆಳೆಯನ ಕಾರಿಗೆ ಏನಾಗಿದೆ ಎಂದು ಪತ್ತೆ ಮಾಡಿಕೊಡಿ, ರಿಪೇರಿಗೆ ಮಾತ್ರ ಕೈ ಹಾಕಬೇಡಿ.

ನಿಮಗೆ ಕೆಲಸ ಬರುವುದಿಲ್ಲ ಎಂದು ಈ ಮಾತು ಹೇಳುತ್ತಿಲ್ಲ. ನಿಮ್ಮ ಕಾರಿನ ಯಾವ ಬೋಲ್ಟನ್ನು ಯಾರು, ಯಾವಾಗ, ಎಷ್ಟು ಬಿಗಿದಿದ್ದರು ಎಂಬುದು ನಿಮಗೆ ಗೊತ್ತು. ಗೆಳೆಯನ ಕಾರಿನ ಪೂರ್ವಾಪರ ಸ್ವತಃ ಗೆಳೆಯನಿಗೇ ಗೊತ್ತಿರುವುದಿಲ್ಲ. ಅವನು ಅದನ್ನು ಸೆಕೆಂಡ್ ಹ್ಯಾಂಡ್ ಕೊಂಡಿರುತ್ತಾನೆ, ಅಥವಾ ಆಫರ್ ಕೊಟ್ಟ ಕಡೆಯಲ್ಲೆಲ್ಲ ಸರ್ವೀಸ್ ಮಾಡಿಸಿರುತ್ತಾನೆ. ಹಿಂದೆ ಕೈ ಹಾಕಿದವರು ಮಾಡಿಟ್ಟ ಅವಾಂತರವೆಲ್ಲ ನಟ್ಟು ಬೋಲ್ಟುಗಳ ಹಿಂದೆ ಅಡಗಿ ಕೂತಿರುತ್ತದೆ.

ಆಯಿಲ್ ಬದಲಾಯಿಸುವುದನ್ನೇ ತೆಗೆದುಕೊಳ್ಳಿ. ಹವ್ಯಾಸಿಗಳಿಗೆ ಅಆಇಈ ಇದ್ದ ಹಾಗೆ ಅದು. ಆಯಿಲ್ ಚೇಂಬರಿನ ತಳದಲ್ಲಿ ಡ್ರೇನ್ ಪ್ಲಗ್ ಇರುತ್ತದೆ. ಬಹಳ ಎಂಜಿನ್ನುಗಳಲ್ಲಿ ಚೇಂಬರ್ ಅಲ್ಯುಮಿನಿಯಂ, ಪ್ಲಗ್ ಉಕ್ಕು. ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಈ ಪ್ಲಗ್ಗಿಗೆ ಸಾಮಾನ್ಯವಾಗಿ ಬೇಕಾದ ಬಿಗಿ 30ರಿಂದ 40 ನ್ಯೂಟನ್ ಮೀಟರ್. ಒಂದಡಿ ಉದ್ದದ ಸ್ಪ್ಯಾನರಿನ ತುದಿಗೆ 30 ಕಿಲೋ ಭಾರದಷ್ಟು ಬಲ ಹಾಕಿದರೆ ಅದು ಸುಮಾರು 90 ಆಗುತ್ತದೆ. ಗ್ಯಾರೇಜಿನಲ್ಲಿ ಆತುರದ ಹುಡುಗನೊಬ್ಬ 'ಲೀಕ್ ಆಗ್ಬಾರ್ದು' ಎಂದು ಮೈಭಾರವೆಲ್ಲ ಬಿಟ್ಟು ಬಿಗಿದಿರುತ್ತಾನೆ. ನೀವು ಬಿಚ್ಚಿದಾಗ ಉಕ್ಕಿನ ಪ್ಲಗ್ಗಿನ ಜೊತೆಗೆ ಅಲ್ಯುಮಿನಿಯಂ ಥ್ರೆಡ್ಡೂ ಸುರುಳಿಯಾಗಿ ಈಚೆಗೆ ಬರುತ್ತದೆ. ಥ್ರೆಡ್ ಸತ್ತದ್ದು ಹಿಂದಿನ ಸರ್ವೀಸಿನಲ್ಲಿ, ಪ್ಲಗ್ ಕೈಗೆ ಬಂದದ್ದು ನಿಮ್ಮ ಸರದಿಯಲ್ಲಿ. ಹೆಲಿಕಾಯಿಲ್ ಹಾಕಬೇಕು, ಇಲ್ಲವೇ ಒಂದು ಸೈಜ್ ದೊಡ್ಡ ಪ್ಲಗ್ ಹುಡುಕಬೇಕು, ಎರಡೂ ಆಗದಿದ್ದರೆ ಹೊಸ ಚೇಂಬರ್. ಭಾನುವಾರ ಮಧ್ಯಾಹ್ನ ಸ್ಪೇರ್ ಪಾರ್ಟ್ಸ್ ಅಂಗಡಿಗಳ ಬಾಗಿಲು ಹಾಕಿರುತ್ತದೆ. ಸೋಮವಾರ ಬೆಳಗ್ಗೆ ಏಳಕ್ಕೆ ಗೆಳೆಯ ಕೆಲಸಕ್ಕೆ ಹೊರಡಬೇಕು.

ಕರಾವಳಿಯ ಕಾರಾದರೆ ಇನ್ನೊಂದು ತಾಪತ್ರಯ. ಮಂಗಳೂರು, ಉಡುಪಿಯ ಕಡೆ ಕೆಲವು ಮಳೆಗಾಲ ಕಂಡ ಕಾರಿನ ಬ್ರೇಕ್ ಕ್ಯಾಲಿಪರಿನಲ್ಲಿರುವ ಬ್ಲೀಡರ್ ನಿಪ್ಪಲ್ ಉಪ್ಪುಗಾಳಿಗೆ ತುಕ್ಕು ಹಿಡಿದು ಕಚ್ಚಿಕೊಂಡಿರುತ್ತದೆ. ಏರ್ ತೆಗೆಯೋಣ ಎಂದು ತಿರುಗಿಸಿದರೆ ಬುಡಕ್ಕೇ ಮುರಿಯುತ್ತದೆ. ಅರ್ಧ ಗಂಟೆಯ ಕೆಲಸ ಎಂದು ಹಿಡಿದದ್ದು ಹೊಸ ಕ್ಯಾಲಿಪರಿನಲ್ಲಿ ಮುಗಿಯುತ್ತದೆ. ದುಡ್ಡು ಯಾರು ಕೊಡಬೇಕು? ಗೆಳೆಯ ಬಾಯಿಬಿಟ್ಟು ಕೇಳುವುದಿಲ್ಲ, ನಿಮಗೂ ಕೊಡದೆ ನಿದ್ದೆ ಬರುವುದಿಲ್ಲ.

ಇದಕ್ಕಿಂತ ಸೂಕ್ಷ್ಮವಾದ ಅಪಾಯವೊಂದಿದೆ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಿಮ್ಮ ಸ್ವಂತ ಕಾರಿನ ಮೇಲೆ ನೀವು ಮಾಡಿದ ಕೆಲಸ ಬಾನೆಟ್ ಹಾಕಿದಾಗ ಮುಗಿಯುವುದಿಲ್ಲ. ಮರುದಿನ ಬೆಳಗ್ಗೆ ಬಗ್ಗಿ ನೆಲದ ಮೇಲೆ ಹನಿ ಬಿದ್ದಿದೆಯೇ ನೋಡುತ್ತೀರಿ, ಡಿಪ್‌ಸ್ಟಿಕ್ ಎಳೆದು ಒರೆಸಿ ಮತ್ತೆ ಅದ್ದುತ್ತೀರಿ, ಮೊದಲ ಐವತ್ತು ಕಿಲೋಮೀಟರ್ ಒಂದು ಕಿವಿಯನ್ನು ಎಂಜಿನ್ನಿಗೇ ಮೀಸಲಿಡುತ್ತೀರಿ. ಗೆಳೆಯನ ಕಾರು ಮಾತ್ರ ಕಾಫಿ ಮುಗಿದೊಡನೆ ಗೇಟು ದಾಟಿ ಹೋಗಿಬಿಡುತ್ತದೆ. ಫಿಲ್ಟರ್ ಬದಲಿಸುವಾಗ ಹಳೆಯ ಫಿಲ್ಟರಿನ ರಬ್ಬರ್ ರಿಂಗ್ ಎಂಜಿನ್ನಿಗೇ ಅಂಟಿಕೊಂಡು ಉಳಿಯುವುದುಂಟು. ಅದನ್ನು ಕಾಣದೆ ಹೊಸದನ್ನು ತಿರುಗಿಸಿದರೆ ಎರಡು ರಿಂಗ್ ಒಂದರ ಮೇಲೊಂದು ಕೂರುತ್ತವೆ. ಐಡಲಿಂಗಿನಲ್ಲಿ ಎಲ್ಲ ಸರಿಯಾಗಿಯೇ ಕಾಣಬಹುದು. ರೇಸ್ ಕೊಟ್ಟು ಆಯಿಲ್ ಒತ್ತಡ ಏರಿದಾಗ ಮೇಲಿನ ರಿಂಗ್ ಜಾರಿ ಆಯಿಲ್ ಹೊರಗೆ ಚಿಮ್ಮುತ್ತದೆ, ಕೆಲವೇ ನಿಮಿಷಗಳಲ್ಲಿ ಚೇಂಬರ್ ಖಾಲಿ. ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ ಹತ್ತಿದರೆ ನೀವು ಕ್ಷಣ ತಡೆಯದೆ ಎಂಜಿನ್ ಆಫ್ ಮಾಡುತ್ತೀರಿ. ಗೆಳೆಯ 'ಮುಂದಿನ ಪೆಟ್ರೋಲ್ ಬಂಕಿನಲ್ಲಿ ನೋಡೋಣ' ಎಂದು ಓಡಿಸುತ್ತಾನೆ. ಬಂಕ್ ತಲಪುವಷ್ಟರಲ್ಲಿ ಎಂಜಿನ್ ಸೀಜ್.

ಬ್ರೇಕ್ ವಿಷಯಕ್ಕೆ ಬಂದರೆ ನಾನು ತಮಾಷೆ ಮಾಡುವುದಿಲ್ಲ. ನಮ್ಮ ಬಹುಪಾಲು ಕಾರುಗಳಲ್ಲಿರುವ ಡಾಟ್ 3, ಡಾಟ್ 4 ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಹೊಸ ಡಾಟ್ 4 ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನದಂಡ. ತೇವ ಹೀರಿದ ಆಯಿಲಿಗೆ ಅದೇ ಮಾನದಂಡ 155 ಡಿಗ್ರಿಗೆ ಇಳಿಯುತ್ತದೆ. ಊರೊಳಗೆ ಈ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಆದರೆ ಭಾನುವಾರ ನೀವು ಎಂದೋ ಒಡೆದಿಟ್ಟಿದ್ದ ಡಬ್ಬಿಯಿಂದ ಸುರಿದು ಬ್ಲೀಡ್ ಮಾಡಿಕೊಟ್ಟ ಕಾರು ಮುಂದಿನ ಶನಿವಾರ ಹೆಂಡತಿ ಮಕ್ಕಳನ್ನು ತುಂಬಿಕೊಂಡು ಧರ್ಮಸ್ಥಳಕ್ಕೆ ಹೊರಟು, ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿಯುತ್ತದೆ. ತಿರುವಿಗೊಂದು ಬ್ರೇಕು. ಕ್ಯಾಲಿಪರಿನ ಕಾವಿಗೆ ಆಯಿಲಿನೊಳಗಿನ ತೇವ ಆವಿಯಾಗಿ ಗುಳ್ಳೆ ಕಟ್ಟಿದರೆ ಪೆಡಲ್ ಸೀದಾ ನೆಲ ಮುಟ್ಟುತ್ತದೆ. ಇಷ್ಟು ತಿಳಿದ ಮೇಲೂ ಬೇರೆಯವರ ಕಾರಿನ ಬ್ರೇಕಿಗೆ ಕೈ ಹಾಕುವ ಹವ್ಯಾಸಿಯನ್ನು ನಾನು ಧೈರ್ಯವಂತ ಎನ್ನಲಾರೆ.

ಇನ್ನು ದೂರಿನ ಮಾತು. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು ಅಂತಾರಲ್ಲ, ಆ ಕಾಗೆಯ ಪಾಡು ಬಿಟ್ಟಿ ಮೆಕ್ಯಾನಿಕ್ಕಿನದು. ನೀವು ಏರ್ ಫಿಲ್ಟರ್ ಬದಲಿಸಿಕೊಟ್ಟಿರುತ್ತೀರಿ, ಹದಿನೈದು ದಿನಕ್ಕೆ ಎಸಿ ತಣ್ಣಗಾಗುವುದು ನಿಲ್ಲುತ್ತದೆ. "ನೀನು ಮುಟ್ಟೋವರೆಗೂ ಚೆನ್ನಾಗಿತ್ತಪ್ಪ" ಎಂದು ಗೆಳೆಯ ನಗುತ್ತಲೇ ಅನ್ನುತ್ತಾನೆ. ಅದು ನಗುವಲ್ಲ, ಬಿಲ್ಲು. ದುಡ್ಡು ಇಸಿದುಕೊಳ್ಳುವ ಮೆಕ್ಯಾನಿಕ್ 'ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಸಾರ್' ಎಂದು ಎರಡು ಮಾತಿನಲ್ಲಿ ಮುಗಿಸುತ್ತಾನೆ. ಸ್ನೇಹಕ್ಕೆ ಮಾಡಿಕೊಟ್ಟವನಿಗೆ ಆ ಸ್ವಾತಂತ್ರ್ಯವಿಲ್ಲ.

ಬಿಟ್ಟಿ ಮಾಡಿಕೊಟ್ಟರೆ ಹೊಣೆಯಿಲ್ಲ ಎಂದುಕೊಂಡವರಿಗೆ ಸ್ವಲ್ಪ ಕಾನೂನು. ಕೆಲಸಕ್ಕೆಂದು ತನ್ನ ವಸ್ತುವನ್ನು ಇನ್ನೊಬ್ಬನ ವಶಕ್ಕೆ ಕೊಡುವ ವ್ಯವಹಾರವನ್ನು 1872ರ ಭಾರತೀಯ ಒಪ್ಪಂದ ಕಾಯಿದೆ ವಿವರವಾಗಿಯೇ ಬಣ್ಣಿಸಿದೆ. ಅದರ 151ನೇ ಕಲಮಿನ ಪ್ರಕಾರ, ಸಾಧಾರಣ ವಿವೇಕದ ಮನುಷ್ಯ ತನ್ನ ಸ್ವಂತ ವಸ್ತುವನ್ನು ನೋಡಿಕೊಳ್ಳುವಷ್ಟು ಎಚ್ಚರ ನಿಮಗಿರಬೇಕು. ದುಡ್ಡು ಪಡೆದಿರಾ ಇಲ್ಲವಾ ಎಂಬ ಭೇದ ಅಲ್ಲಿಲ್ಲ. ಗೆಳೆಯನಿಗೂ 150ನೇ ಕಲಮಿನಲ್ಲಿ ಒಂದು ಕರ್ತವ್ಯವಿದೆ: ತನಗೆ ಗೊತ್ತಿರುವ ಅಪಾಯಕಾರಿ ದೋಷವನ್ನು ಮೊದಲೇ ಹೇಳಬೇಕು. ಜಾಕ್ ಕೊಡುವ ಜಾಗ ತುಕ್ಕು ಹಿಡಿದು ಟೊಳ್ಳಾಗಿದೆ ಎಂದು ಗೊತ್ತಿದ್ದೂ ಸುಮ್ಮನಿದ್ದರೆ, ಅದರಿಂದ ನೇರವಾಗಿ ನಿಮಗಾದ ಹಾನಿಗೆ ಅವನೇ ಹೊಣೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಉಚಿತ ಸೇವೆಯನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಹಾಗೆಂದು ಪೆಟ್ರೋಲ್ ಖರ್ಚಿಗಿರಲಿ ಎಂದು ಐನೂರು ರೂಪಾಯಿ ಲೇಬರ್ ಚಾರ್ಜ್ ಇಸಿದುಕೊಂಡಿರೋ, ಆ ಮರೆ ಉಳಿಯುವುದು ಅನುಮಾನ. ನಿರ್ಲಕ್ಷ್ಯದಿಂದ ಯಾರದಾದರೂ ಜೀವ ಹೋದರೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಲ್ಲಿ ಐದು ವರ್ಷದವರೆಗೆ ಸೆರೆವಾಸ. ಹಳೆಯ ದಂಡ ಸಂಹಿತೆಯಲ್ಲಿ ಅದು ಎರಡು ವರ್ಷವಿತ್ತು.

ಟೆಸ್ಟ್ ಡ್ರೈವ್ ಬಗ್ಗೆಯೂ ಹೇಳಬೇಕು. ಕೆಲಸ ಮುಗಿದ ಮೇಲೆ ರಿಂಗ್ ರೋಡಿನಲ್ಲಿ ಒಂದು ಸುತ್ತು ಹಾಕಿ ಬರುವುದು ಈ ಹವ್ಯಾಸದ ಸುಖಗಳಲ್ಲೊಂದು. ಆ ಸುತ್ತಿನಲ್ಲಿ ಆಟೋದವನು ಬಂದು ಉಜ್ಜಿದ ಎಂದಿಟ್ಟುಕೊಳ್ಳಿ. ಗೆಳೆಯ ವಿಮೆ ಕ್ಲೇಮ್ ಮಾಡಿದರೆ ಅವನ ನೋ ಕ್ಲೇಮ್ ಬೋನಸ್ ಹೋಗುತ್ತದೆ. ಒಂದು ವರ್ಷ ಕ್ಲೇಮ್ ಇಲ್ಲದಿದ್ದರೆ ಶೇ 20ರಿಂದ ಶುರುವಾಗಿ, ಐದು ವರ್ಷಕ್ಕೆ ಶೇ 50ಕ್ಕೆ ಏರುವ ರಿಯಾಯಿತಿ ಅದು. ಆಡ್ ಆನ್ ರಕ್ಷಣೆ ಇಲ್ಲದಿದ್ದರೆ ಒಂದೇ ಗೀರಿಗೆ ಸೊನ್ನೆಗೆ ಇಳಿಯುತ್ತದೆ. ಪಾಲಿಸಿಯಲ್ಲಿ ಕಾಣುವ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ ಕಾರಿನ ಮಾಲೀಕ ಚಾಲಕನಿಗೆ, ಸ್ಟೀರಿಂಗ್ ಹಿಡಿದ ನಿಮಗಲ್ಲ.

ಬಿಡಿಭಾಗಗಳ ಜಗಳ ಬೇರೆಯೇ ಇದೆ. ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಕೌಂಟರಿನ ಹಿಂದಿನವರು ಮೊದಲು ಕೇಳುವುದೇ "ಒರಿಜಿನಲ್ಲಾ, ಲೋಕಲ್ಲಾ?" ಎಂದು. ನೀವು ಒರಿಜಿನಲ್ ತಂದರೆ 'ಅಷ್ಟೊಂದಾ?' ಎಂಬ ಹುಬ್ಬು. ಗೆಳೆಯನೇ ಹೋಗಿ ಲೋಕಲ್ ತಂದು ಕೊಟ್ಟು ಅದು ಕೈಕೊಟ್ಟರೆ 'ಹಾಕಿದ್ದು ನೀನಲ್ವಾ?' ಎಂಬ ಮಾತು. ಎರಡರಲ್ಲಿ ಹುಬ್ಬೇ ವಾಸಿ.

ಅಂಬಾಸಿಡರ್, ಪದ್ಮಿನಿ ಕಾಲದಲ್ಲಿ ಇದೆಲ್ಲ ಇಷ್ಟು ತಲೆಬಿಸಿಯ ಕೆಲಸವಾಗಿರಲಿಲ್ಲ ಎಂದು ಹಿರಿಯ ಓದುಗರು ಹೇಳಿಯಾರು. ನಿಜ. ಕಾರ್ಬ್ಯುರೇಟರ್ ಜೆಟ್ ಬಿಚ್ಚಿ ಬಾಯಲ್ಲಿ ಊದಿ, ಪಾಯಿಂಟ್ ಉಜ್ಜಿ ಗ್ಯಾಪ್ ಸರಿಮಾಡಿದರೆ ಗಾಡಿ ಹೊರಡುತ್ತಿತ್ತು. ಅಂದಾಜಿಗೆ ಜಾಗವಿದ್ದ ಯಂತ್ರಗಳವು. ಈಗಿನ ಕಾರಿನ ಸ್ಟೀರಿಂಗ್ ಹಿಂದೆ ಏರ್‌ಬ್ಯಾಗ್ ಇದೆ. ಹಾರ್ನ್ ಕೆಟ್ಟಿದೆ ಎಂದು ಅದನ್ನು ಬಿಚ್ಚಲು ಹೋಗುವವರು ಹಳದಿ ಬಣ್ಣದ ಕನೆಕ್ಟರ್ ಕಂಡ ಕೂಡಲೇ ಕೈ ಹಿಂದೆಗೆಯಬೇಕು. ಎಲೆಕ್ಟ್ರಿಕ್ ಕಾರಿನ ಕಿತ್ತಳೆ ಬಣ್ಣದ ಕೇಬಲ್‌ಗಳಲ್ಲಿ ಸಾಮಾನ್ಯವಾಗಿ 300 ವೋಲ್ಟ್ ಮೀರಿದ ಡಿಸಿ ವಿದ್ಯುತ್ ಹರಿಯುತ್ತದೆ. ಅದನ್ನು ಮುಟ್ಟುವ ಮಾತೇ ಇಲ್ಲ.

ಹಾಗಾದರೆ ಗೆಳೆಯನಿಗೆ ನಾವು ಯಾವ ಉಪಯೋಗಕ್ಕೆ? ಬಹಳ ಉಪಯೋಗಕ್ಕೆ. ಇತ್ತೀಚಿನ ಕಾರುಗಳ ಡ್ಯಾಶ್‌ಬೋರ್ಡಿನ ಕೆಳಗೆ 16 ಪಿನ್ನಿನ ಓಬಿಡಿ ಸಾಕೆಟ್ ಇರುತ್ತದೆ. ಸಣ್ಣ ಸ್ಕ್ಯಾನರ್ ಸಿಕ್ಕಿಸಿ ಕೋಡ್ ಓದಿಕೊಡಿ. ಪಿ0420 ಬಂತೆನ್ನಿ. ಕ್ಯಾಟಲಿಟಿಕ್ ಕನ್ವರ್ಟರಿನ ದಕ್ಷತೆ ಕಡಿಮೆ ಕಾಣುತ್ತಿದೆ ಎಂದಷ್ಟೇ ಅದರರ್ಥ. ಆಕ್ಸಿಜನ್ ಸೆನ್ಸರ್ ಹಾಳಾಗಿದ್ದರೂ, ಸೈಲೆನ್ಸರ್ ಪೈಪ್ ಸೋರುತ್ತಿದ್ದರೂ ಅದೇ ಕೋಡ್ ಬರಬಹುದು. ಕನ್ವರ್ಟರ್ ಬದಲಿಸುವ ಮುನ್ನ ಇವೆರಡನ್ನೂ ಪರೀಕ್ಷಿಸಿ ಎಂದು ಒಂದು ಚೀಟಿ ಬರೆದು ಅವನ ಕೈಗೆ ಕೊಟ್ಟರೆ ಸಾವಿರಾರು ರೂಪಾಯಿ ಉಳಿಸಿದಂತೆ. ಪುರುಸೊತ್ತಿದ್ದರೆ ಗ್ಯಾರೇಜಿಗೆ ಜೊತೆಯಲ್ಲಿ ಹೋಗಿ. ಎಸ್ಟಿಮೇಟಿನಲ್ಲಿ 'ಎಂಜಿನ್ ಡ್ರೆಸಿಂಗ್' ಎಂಬ ಸಾಲು ಕಂಡರೆ ಬೆರಳಿಟ್ಟು ಇದೇನು ಎಂದು ಕೇಳಿ. ತಿಳಿದವನೊಬ್ಬ ಪಕ್ಕದಲ್ಲಿದ್ದರೆ ಬಿಲ್ಲು ತಾನಾಗಿ ಇಳಿಯುತ್ತದೆ.

ಕೈ ಕಪ್ಪಾಗಲೇಬೇಕು ಎನ್ನುವವರು ವೈಪರ್ ಬ್ಲೇಡ್, ಬಲ್ಬು, ಎಸಿಯ ಕ್ಯಾಬಿನ್ ಫಿಲ್ಟರ್, ಬ್ಯಾಟರಿ ಟರ್ಮಿನಲ್ ಉಜ್ಜುವುದು, ಇಷ್ಟಕ್ಕೆ ನಿಲ್ಲಿಸಿ. ಬ್ಯಾಟರಿ ಕೆಲಸದಲ್ಲಿ ನೆಗೆಟಿವ್ ಮೊದಲು ಬಿಚ್ಚಿ, ಕೊನೆಗೆ ಹಾಕಿ. ಅದಕ್ಕಿಂತ ಮುಂದೆ ಹೋಗಬೇಕೆಂದರೆ ಒಂದು ಶರತ್ತು: ಸ್ಪ್ಯಾನರ್ ಗೆಳೆಯನ ಕೈಯಲ್ಲಿರಲಿ, ನೀವು ಪಕ್ಕದಲ್ಲಿ ಸ್ಟೂಲ್ ಹಾಕಿ ಕುಳಿತು ಹೇಳಿಕೊಡಿ. ಒಮ್ಮೆ ತಾನೇ ಬಿಚ್ಚಿ ಹಾಕಿದವನು ಮರುದಿನ ತಾನೇ ಬಗ್ಗಿ ಹನಿ ನೋಡುತ್ತಾನೆ. ಬರೀ ಸ್ಕಿಸರ್ ಜಾಕ್ ಕೊಟ್ಟು ಕಾರಿನಡಿ ತಲೆ ತೂರಿಸಲು ಮಾತ್ರ ಯಾರನ್ನೂ ಬಿಡಬೇಡಿ. ಅದಿರುವುದು ಸ್ಟೆಪ್ನಿ ಬದಲಿಸಲು. ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನ ಇಳಿಜಾರಿನಲ್ಲಂತೂ ಜಾಕ್ ಸ್ಟ್ಯಾಂಡ್ ಇದ್ದರೂ ಬೇಡ.

ಕಡೆಯದಾಗಿ ಒಂದು ವಿನಂತಿ. ಗೆಳೆಯನದೋ ನಿಮ್ಮದೋ, ಇಳಿಸಿದ ಹಳೆಯ ಆಯಿಲನ್ನು ಮೋರಿಗೆ ಸುರಿಯಬೇಡಿ, ಗಿಡದ ಬುಡಕ್ಕೂ ಬೇಡ. ಕಾನೂನಿನ ಕಣ್ಣಿನಲ್ಲಿ ಅದು ಅಪಾಯಕಾರಿ ತ್ಯಾಜ್ಯ. ಮುಚ್ಚಳ ಬಿಗಿಯಾದ ಕ್ಯಾನಿಗೆ ತುಂಬಿ ಹತ್ತಿರದ ಗ್ಯಾರೇಜಿಗೆ ಒಯ್ಯಿರಿ. ಸಂಗ್ರಹಕ್ಕೆ ಡ್ರಮ್ ಇಟ್ಟಿದ್ದಾರೆಯೇ ಕೇಳಿ ಅದರಲ್ಲಿ ಸುರಿದು ಬನ್ನಿ.