ಬೇರೆ ಬಂಡಿಯ ಟ್ಯಾಂಕು

ಹಳೆಯ ಬ್ರಿಟಿಷ್ ಮೋಟಾರುಸೈಕಲ್ಲುಗಳ ಜೀರ್ಣೋದ್ಧಾರದಲ್ಲಿ ತೊಡಗಿದವರ ನಡುವೆ ಯಾವ ವಿಷಯಕ್ಕೆ ವಾದವೆದ್ದರೂ ಸ್ವಲ್ಪ ಹೊತ್ತಿನಲ್ಲಿ ಅದು ಪೆಟ್ರೋಲ್ ಟ್ಯಾಂಕಿನ ಬಳಿಗೆ ಬಂದು ನಿಲ್ಲುವುದುಂಟು. ಇದಕ್ಕೆ ಕಾರಣವಿಲ್ಲದೆ ಇಲ್ಲ. ಯಂತ್ರದ ನಾಮಧೇಯವನ್ನು ಹೊತ್ತಿರುವುದು ಟ್ಯಾಂಕು. ಅದರ ವರ್ಣವೂ ಗೆರೆಯೂ ಕ್ರೋಮಿನ ಹೊಳಪೂ ಪ್ರಕಟವಾಗುವುದು ಅಲ್ಲಿ. ಸವಾರನ ಮೊಣಕಾಲುಗಳಿಗೆ ಆಸರೆಯಾಗುವುದೂ ಅದೇ. ಇಷ್ಟು ಪ್ರಧಾನವಾದ ಅಂಗವು ಕೆಲವೇ ಬೋಲ್ಟುಗಳನ್ನು ಸಡಿಲಿಸಿದೊಡನೆ ಕೈಗೆ ಬಂದುಬಿಡುತ್ತದೆಂಬುದೂ, ತುಕ್ಕಿಗೂ ಪೆಟ್ಟಿಗೂ ಮೊದಲು ತುತ್ತಾಗುವುದು ಅದೇ ಎಂಬುದೂ ಕೂಡಿ, ಐವತ್ತು ಅರುವತ್ತು ವರ್ಷ ಬಾಳಿದ ಬಂಡಿಯ ಮೇಲೆ ಹುಟ್ಟಿದಾಗಿನ ಟ್ಯಾಂಕೇ ಉಳಿದಿರುವುದು ಅಪೂರ್ವವೆಂಬಂತಾಗಿದೆ. ಒಂದು ಮಾದರಿಯ ಬಂಡಿಗೆ ಮತ್ತೊಂದರ ಟ್ಯಾಂಕನ್ನು ಕೂರಿಸುವ ಪದ್ಧತಿಯನ್ನು ಶುದ್ಧಿವಾದಿಗಳು ಅಪಚಾರವೆಂದು ಜರೆಯುತ್ತಾರೆ. ಉಳಿದವರು, ಓಡಿದರೆ ಸಾಲದೆ, ಎಂದು ಕೇಳಿ ಮುಗಿಸುತ್ತಾರೆ. ಎರಡು ತೀರ್ಪುಗಳೂ ಟ್ಯಾಂಕನ್ನು ಮೇಲಿನಿಂದ ಮಾತ್ರ ನೋಡಿ ಕೊಟ್ಟವು ಎಂದು ನನ್ನ ಭಾವನೆ.

ಶುದ್ಧಿವಾದಿಯ ಪ್ರಮಾಣಗ್ರಂಥ ಕಾರ್ಖಾನೆಯ ಕ್ಯಾಟಲಾಗು. ಅದರಲ್ಲಿ ಇಂಥ ವರ್ಷದ ಇಂಥ ಮಾದರಿಗೆ ಇಂಥ ಟ್ಯಾಂಕು, ಇಂಥ ಬಣ್ಣ, ಇಂಥ ಲಾಂಛನ ಎಂದು ನಿಗದಿಯಾಗಿರುವುದಷ್ಟೆ; ಅದಕ್ಕೆ ಭಿನ್ನವಾದುದೆಲ್ಲ ಅಶುದ್ಧ. ಈ ಪ್ರಮಾಣವನ್ನು ಗೌರವಿಸೋಣ. ಆದರೆ ಆ ಕಾರ್ಖಾನೆಗಳು ತಾವೇ ಅದನ್ನು ಎಷ್ಟರಮಟ್ಟಿಗೆ ಗೌರವಿಸಿದವೆಂಬುದನ್ನೂ ನೋಡಬೇಡವೆ? ಟ್ರೈಯಂಫ್ ಬಾನವಿಲ್ 1959ರ ಮಾದರಿಯಾಗಿ ಹೊರಬಂದಾಗ ಅದರ ಟ್ಯಾಂಕಿಗೆ ಕಿತ್ತಳೆಯ ಬಣ್ಣವನ್ನೂ ಮುತ್ತಿನ ಬೂದುಬಣ್ಣವನ್ನೂ ಬಳಿದಿದ್ದರು. ಅಮೆರಿಕದ ಗಿರಾಕಿಗಳಿಗೆ ಅದು ರುಚಿಸಲಿಲ್ಲವಾಗಿ, ಬೇಗನೆ ಬೇರೆ ಬಣ್ಣ ಬಂದಿತು. ಅಂದು ಯಾರಿಗೂ ಬೇಡವಾಗಿದ್ದ ಆ ಕಿತ್ತಳೆಯೇ ಇಂದು ಜೀರ್ಣೋದ್ಧಾರಕರಿಗೆ ಪರಮಪ್ರಿಯ. ಅದೇ ಬಾನವಿಲ್ಲಿಗೆ ಸ್ವದೇಶದಲ್ಲಿ ನಾಲ್ಕು ಗ್ಯಾಲನ್ನಿನ, ಎಂದರೆ ಸುಮಾರು 18 ಲೀಟರಿನ, ಟ್ಯಾಂಕನ್ನು ಕೊಡುತ್ತಿದ್ದ ಟ್ರೈಯಂಫಿನ ಮೆರಿಡನ್ ಕಾರ್ಖಾನೆಯು, ಸಮುದ್ರದಾಚೆಗೆ ಅದಕ್ಕಿಂತ ಬಹಳ ಚಿಕ್ಕದಾದ, ತೊಟ್ಟಿಕ್ಕುವ ಹನಿಯ ಆಕಾರದ ಟ್ಯಾಂಕನ್ನು ಕೂರಿಸಿ ಕಳುಹಿಸುತ್ತಿತ್ತು. ಅಮೆರಿಕದಿಂದ ತವರಿಗೆ ಮರಳಿ ತಂದ ಬಂಡಿಯ ಮೇಲೆ ದೊಡ್ಡ ಟ್ಯಾಂಕನ್ನಿಟ್ಟರೆ ಅದು ಶುದ್ಧವೋ ಅಶುದ್ಧವೋ ಎಂಬುದನ್ನು ಕ್ಯಾಟಲಾಗು ಹೇಳಲಾರದು, ಏಕೆಂದರೆ ಎರಡೂ ಅದರ ಸಂತಾನವೇ.

ಇದಕ್ಕಿಂತ ಸ್ವಾರಸ್ಯವಾದುದು 1968ರಲ್ಲಿ ಕಾಣಿಸಿಕೊಂಡ ಮೂರು ಸಿಲಿಂಡರಿನ ಟ್ರೈಯಂಫ್ ಟ್ರೈಡೆಂಟಿನ ವೃತ್ತಾಂತ. ಅದರ ಹೊರರೂಪವನ್ನು ಓಗ್ಲ್ ಎಂಬ ವಿನ್ಯಾಸ ಸಂಸ್ಥೆಗೆ ವಹಿಸಿದುದರ ಫಲವಾಗಿ, ಚೌಕಾಕಾರದ, ಮಗ್ಗುಲು ಚಪ್ಪಟೆಯಾದ ಟ್ಯಾಂಕೊಂದು ಅದರ ಪಾಲಿಗೆ ಬಂದಿತು. ನೋಡಿದವರು ಅದನ್ನು ಬ್ರೆಡ್ಡಿನ ಡಬ್ಬಿಯೆಂದು ಗೇಲಿ ಮಾಡಿದರು. ಯಂತ್ರವು ವೇಗದಲ್ಲಿ ಯಾರಿಗೂ ಸೋಲತಕ್ಕದ್ದಾಗಿರಲಿಲ್ಲ. ಆದರೂ ಅಮೆರಿಕದ ಅಂಗಡಿಗಳಲ್ಲಿ ಮಾರಾಟ ಕುಂಟಿತು. ಕಡೆಗೆ ಬಾನವಿಲ್ಲಿನ ಧಾಟಿಯ ಟ್ಯಾಂಕನ್ನೂ ಅದಕ್ಕೊಪ್ಪುವ ಇತರ ಭಾಗಗಳನ್ನೂ ಒಂದುಗೂಡಿಸಿ, ‘ಬ್ಯೂಟಿ ಕಿಟ್’ ಎಂಬ ಹೆಸರಿನಲ್ಲಿ ಅಲ್ಲಿಗೆ ಒದಗಿಸಬೇಕಾಯಿತು. ಬೇರೆ ವಂಶದ ಟ್ಯಾಂಕನ್ನು ತಂದು ಕೂರಿಸುವ ಕಾರ್ಯಕ್ಕೆ ಇಲ್ಲಿ ತಯಾರಕರದೇ ಮುದ್ರೆ ಬಿದ್ದಿದೆ. ಹಾಗಾದರೆ ಇಂದು ಟ್ರೈಡೆಂಟೊಂದನ್ನು ಉದ್ಧರಿಸುವವನು ಯಾವುದನ್ನು ಹಾಕಬೇಕು? ನನ್ನನ್ನು ಕೇಳಿದರೆ ಆ ಕುರೂಪದ ಡಬ್ಬಿಯನ್ನೇ ಹಾಕಲೆಂದು ಹೇಳಿಯೇನು. ಸುಂದರವಾದುದು ಎಲ್ಲ ಕಡೆಯೂ ಸಿಕ್ಕುತ್ತದೆ. ಒಂದು ಕಾಲದ ಅಭಿರುಚಿಯು ಎಡವಿದ ಗುರುತನ್ನು ಉಳಿಸಿಕೊಂಡಿರುವ ಬಂಡಿಗಳು ಕಡಿಮೆ.

ನಿಜವಾದ ದೋಷವಿರುವುದು ವೇಷಧಾರಣೆಯಲ್ಲಿ. ಬಿಎಸ್‌ಎ ಕಾರ್ಖಾನೆಯ ಗೋಲ್ಡ್ ಸ್ಟಾರ್, ಅದರಲ್ಲಿಯೂ 1956ರಿಂದ 1963ರ ಪರ್ಯಂತ ತಯಾರಾದ ಡಿಬಿಡಿ34, ಐಲ್ ಆಫ್ ಮ್ಯಾನಿನ ಕ್ಲಬ್‌ಮನ್ ಪಂದ್ಯಗಳಲ್ಲಿ ಮೆರೆದ ವಂಶದ ಕುಡಿ. ಅದರ ಬೆಲೆಯೂ ಅದಕ್ಕೆ ತಕ್ಕಂತೆ ಏರಿದೆ. ಅದೇ ಕಾರ್ಖಾನೆಯಲ್ಲಿ, ಅದೇ ಸುಮಾರಿಗೆ, ಕೆಲಸಕ್ಕೆ ಹೋಗಿಬರುವವರಿಗಾಗಿಯೂ ಪಕ್ಕದ ತೊಟ್ಟಿಲಲ್ಲಿ ಸಂಸಾರವನ್ನು ಕೂರಿಸಿಕೊಂಡು ಹೋಗುವವರಿಗಾಗಿಯೂ ತಯಾರಾಗುತ್ತಿದ್ದ ಬಿ31, ಬಿ33 ಎಂಬ ಸಾಧು ಬಂಡಿಗಳ ಚಾಸಿಯೂ ಬಹುಮಟ್ಟಿಗೆ ಅದೇ ಅಚ್ಚಿನದು. ಬಿಎಸ್‌ಎಯ ಆ ಕಾಲದ ಟ್ಯಾಂಕು ನಡುವೆ ಹಾಯ್ದ ಒಂದೇ ಒಂದು ದಪ್ಪ ಬೋಲ್ಟಿನಿಂದ ಚಾಸಿಗೆ ಬಿಗಿದುಕೊಳ್ಳತಕ್ಕದ್ದು. ಆದುದರಿಂದ ಕ್ರೋಮು ಹಚ್ಚಿದ ಗೋಲ್ಡ್ ಸ್ಟಾರ್ ಟ್ಯಾಂಕನ್ನು ಬಿ33ರ ಮೇಲೆ ಏರಿಸುವುದು ಗಳಿಗೆಯ ಕೆಲಸ. ಹಿಂದಕ್ಕೆ ಬಾಗಿದ ಸೈಲೆನ್ಸರ್ ಕೊಳವೆ, ತಗ್ಗಿಸಿದ ಹ್ಯಾಂಡಲ್ ಬಂದವೆಂದರೆ ವೇಷ ಪೂರ್ಣವಾಯಿತು. ಆದರೆ ಅಸಲಿ ಗೋಲ್ಡ್ ಸ್ಟಾರಿನ ಚಾಸಿಯಲ್ಲಿ, ಬಲಗಡೆಯ ಕೆಳಕೊಳವೆಯು ಆಯಿಲ್ ಪಂಪಿಗೆ ಎಡೆಗೊಡುವುದಕ್ಕಾಗಿ ಸ್ವಲ್ಪ ಡೊಂಕಾಗಿರುತ್ತದೆ. ಬಲ್ಲವನು ಟ್ಯಾಂಕಿನ ಕಡೆ ಕಣ್ಣೆತ್ತಿಯೂ ನೋಡದೆ ನೆಲಕ್ಕೆ ಕೂತು ಆ ಡೊಂಕನ್ನು ಹುಡುಕುತ್ತಾನೆ.

ಇಂಥ ವೇಷವನ್ನು ಮಾರುವಾಗ ಮುಚ್ಚಿಟ್ಟರೆ ವಂಚನೆ. ಹೇಳಿ ಮಾರಿದರೆ ವಂಚನೆಯಲ್ಲ. ಆದರೆ ಹೇಳಿದ ಮಾತ್ರಕ್ಕೆ ನಷ್ಟವೇನೂ ಆಗಲಿಲ್ಲವೆ? ಜೀರ್ಣೋದ್ಧಾರದ ಹೆಸರಿನಲ್ಲಿ ಕಲ್ಲುಕಂಬಗಳಿಗೆಲ್ಲ ಒಂದೇ ಎಣ್ಣೆಬಣ್ಣ ಬಳಿಸಿಕೊಂಡ ಹಳ್ಳಿಯ ದೇವಾಲಯಗಳನ್ನು ಕಂಡವರಿಗೆ ಈ ನಷ್ಟ ಯಾವ ಬಗೆಯದೆಂಬುದು ತಿಳಿದೀತು. ದುಡಿಯುವುದಕ್ಕೆಂದು ಹುಟ್ಟಿದ ಬಿ31ರ ಗಂಭೀರವಾದ, ಆಡಂಬರವಿಲ್ಲದ ಟ್ಯಾಂಕಿಗೂ ಒಂದು ಸೌಷ್ಠವವುಂಟು. ಅದರ ಅಗಲವಾದ ಮಡ್‌ಗಾರ್ಡಿಗೂ ನೆಟ್ಟಗಿನ ಹ್ಯಾಂಡಲ್ಲಿಗೂ ಅದು ಹೊಂದಿಕೊಂಡಿತ್ತು. ಎಲ್ಲವೂ ಪಂದ್ಯದ ಕುದುರೆಗಳಾದ ಮೇಲೆ, ಆ ಕಾಲದ ಇಂಗ್ಲೆಂಡಿನಲ್ಲಿ ಸಾಮಾನ್ಯನು ಏನನ್ನು ಓಡಿಸಿದನೆಂಬುದನ್ನು ತೋರಿಸುವ ಸಾಕ್ಷಿಯೇ ಉಳಿಯುವುದಿಲ್ಲ.

ಇನ್ನು ಟ್ಯಾಂಕಿನ ತಳಭಾಗದ ಮಾತು. ವಿಮರ್ಶೆ ನಡೆಯಬೇಕಾದ ಸ್ಥಳ ಇದೇ ಎಂದು ನಾನು ತಿಳಿದಿದ್ದೇನೆ. 1920ರ ದಶಕದ ಬಹುಭಾಗದಲ್ಲಿ ಬ್ರಿಟಿಷ್ ಬಂಡಿಗಳ ಟ್ಯಾಂಕು ಚಾಸಿಯ ಮೇಲಣ ಎರಡು ಕೊಳವೆಗಳ ನಡುವೆ ತೂರಿಸಿದ ಚಪ್ಪಟೆ ಡಬ್ಬಿಯಾಗಿತ್ತು. ಆ ದಶಕ ಮುಗಿಯುವ ವೇಳೆಗೆ, ಕೊಳವೆಯ ಎರಡು ಮಗ್ಗುಲಿಗೂ ಇಳಿಬಿದ್ದು ಕವುಚಿಕೊಳ್ಳುವ ಸ್ಯಾಡಲ್ ಟ್ಯಾಂಕು ರೂಢಿಗೆ ಬಂದಿತು. ಅಂದಿನಿಂದ ಟ್ಯಾಂಕಿನ ಅಡಿಯಲ್ಲಿ ಉದ್ದಕ್ಕೂ ಒಂದು ಸುರಂಗ. ಅದರ ಅಗಲ, ಆಳ, ಬಿಗಿಯುವ ಕ್ರಮ ಇವು ಕಾರ್ಖಾನೆಯಿಂದ ಕಾರ್ಖಾನೆಗೆ ಬೇರೆ. ಒಂದೇ ಕಾರ್ಖಾನೆಯಲ್ಲಿ ವರ್ಷದಿಂದ ವರ್ಷಕ್ಕೂ ಬೇರೆ. 1960ರಲ್ಲಿ ಟ್ರೈಯಂಫಿನ 650 ಸಿಸಿ ಬಂಡಿಗಳಿಗೆ ಜೋಡಿಕೊಳವೆಯ ಚಾಸಿ ಬಂದಾಗ ಟ್ಯಾಂಕನ್ನು ಉದ್ದನೆಯ ಲೋಹದ ಪಟ್ಟಿಯಿಂದ ಬಿಗಿಯುವ ಕ್ರಮ ಬಂದಿತು. 1963ರಲ್ಲಿ ಚಾಸಿ ಮತ್ತೆ ಬದಲಾಗಿ ಆ ಕ್ರಮವೂ ಹೋಯಿತು. ನಾರ್ಟನ್ನಿನ ಪ್ರಖ್ಯಾತ ಫೆದರ್‌ಬೆಡ್ ಚಾಸಿಯ ಮೇಲ್ಗಂಬಿಗಳನ್ನು 1960ರಲ್ಲಿ ಒಳಕ್ಕೆ ಒತ್ತಿ ಸ್ಲಿಮ್‌ಲೈನ್ ಮಾಡಿದರು. ಸವಾರನ ತೊಡೆಗೆ ಸುಖವಾಯಿತು, ಹಳೆಯ ವೈಡ್‌ಲೈನ್ ಟ್ಯಾಂಕಿಗೆ ಅಲ್ಲಿ ನೆಲೆ ತಪ್ಪಿತು.

ಹೊಂದದ ಟ್ಯಾಂಕನ್ನು ಹೊಂದಿಸುವವನು ಮಾಡುವ ಹಿಂಸೆಯೆಲ್ಲ ಈ ಸುರಂಗದಲ್ಲಿ ಅಡಗಿರುತ್ತದೆ. ಸುತ್ತಿಗೆಯಿಂದ ತಟ್ಟಿ ಅಗಲಿಸಿದ ಗೋಡೆಗಳು, ಕಾರ್ಬುರೇಟರಿಗೆ ತಗಲುತ್ತದೆಂದು ಕತ್ತರಿಸಿ ತಗಡು ಹಾಕಿ ಬೆಸೆದ ಮೂಲೆಗಳು, ಇದಕ್ಕಿಂತ ಹೀನವೆಂದರೆ ಟ್ಯಾಂಕಿಗೆ ಒಗ್ಗಲೆಂದು ಚಾಸಿಯಿಂದಲೇ ಅರೆದು ತೆಗೆದ ಕಿವಿಗಳು. ಎರಡು ಪಿಸ್ಟನ್ನುಗಳು ಒಟ್ಟಿಗೆ ಏರಿ ಒಟ್ಟಿಗೆ ಇಳಿಯುವ ಬ್ರಿಟಿಷ್ ಜೋಡಿ ಸಿಲಿಂಡರುಗಳ ನಡುಕವು ಸಾಮಾನ್ಯವಾದುದಲ್ಲ. ಟ್ಯಾಂಕಿಗೂ ಚಾಸಿಗೂ ನಡುವೆ ರಬ್ಬರು ಇರತಕ್ಕಲ್ಲಿ ಲೋಹಕ್ಕೆ ಲೋಹವನ್ನು ಬಿಗಿದರೆ ಬೆಸುಗೆಯ ಬಳಿ ಬಿರುಕು ಹುಟ್ಟಿ, ಕಾದ ಸಿಲಿಂಡರಿನ ಮೇಲೆ ಪೆಟ್ರೋಲು ಜಿನುಗುವುದು ಖಂಡಿತ. ಸುರಂಗದ ಎರಡು ಕಡೆಯ ಜೋಲುಗಳಲ್ಲಿ ಒಂದಕ್ಕೆ ಮಾತ್ರ ಕಾಕ್ ಇಟ್ಟು, ಎರಡನ್ನೂ ಕೂಡಿಸುವ ಕೊಳವೆಯನ್ನು ಮರೆತವನು, ಅರ್ಧ ದಾರಿಯಲ್ಲಿ ಬಂಡಿಯನ್ನು ಪಕ್ಕಕ್ಕೆ ವಾಲಿಸಿ ಪೆಟ್ರೋಲನ್ನು ಆಚೆಯಿಂದ ಈಚೆಗೆ ದಾಟಿಸುತ್ತ ನಿಲ್ಲಬೇಕಾದೀತು. ಈ ದೃಷ್ಟಿಯಿಂದ ನೋಡಿದರೆ, ಲಾಂಛನ ಬೇರೆಯಾದರೂ ತನ್ನ ರಬ್ಬರುಗಳ ಮೇಲೆ ನೆಮ್ಮದಿಯಾಗಿ ಕುಳಿತು, ನಾಳೆ ಬಿಚ್ಚಿದರೆ ಚಾಸಿಯ ಮೇಲೆ ಒಂದು ಗೀರನ್ನೂ ಬಿಡದ ಪರಕೀಯ ಟ್ಯಾಂಕು, ಸುತ್ತಿಗೆಯ ಪೆಟ್ಟು ತಿಂದು ಬಂದ ಸ್ವಕೀಯ ಟ್ಯಾಂಕಿಗಿಂತ ಉತ್ತಮವಾದುದು.

ಟ್ರೈಟನ್ ಇದಕ್ಕೆ ನಿದರ್ಶನ. ಟ್ರೈಯಂಫಿನ ಎಂಜಿನ್ನನ್ನು ನಾರ್ಟನ್ ಚಾಸಿಯಲ್ಲಿಟ್ಟು, ಲಂಡನ್ನಿನ ನಾರ್ತ್ ಸರ್ಕ್ಯುಲರ್ ರಸ್ತೆಯ ಏಸ್ ಕೆಫೆಯ ಮುಂದೆ ಹುರಿಯಾಳುಗಳಾಗಿ ನಿಂತ ತರುಣರು ಅದಕ್ಕೆ ಉದ್ದನೆಯ ಅಲ್ಯೂಮಿನಿಯಮ್ ಟ್ಯಾಂಕನ್ನು ಇಟ್ಟರು. ಸಂಕರವೆಂದರೆ ಅದೇ ಸಂಕರ. ಆದರೆ ಆ ಟ್ಯಾಂಕಿನ ಕೆಳಅಂಚು ಚಾಸಿಯ ಮೇಲ್ಗಂಬಿಗೆ ಸಮಾಂತರವಾಗಿ ಹರಿದು ಸೀಟಿನಲ್ಲಿ ಲೀನವಾಗುವ ರೀತಿಯಲ್ಲಿ ಎಲ್ಲಿಯೂ ತೊಡಕಿಲ್ಲ, ಯಾರ ಹೆಸರನ್ನೂ ಅದು ಕದ್ದುಕೊಂಡಿಲ್ಲ.

ನಮ್ಮ ನಾಡಿನಲ್ಲಿ ಈ ಸಂಕರವು ಶೋಕಿಯಿಂದಲ್ಲ, ಅಭಾವದಿಂದ ಹುಟ್ಟಿತು. ಸ್ವಾತಂತ್ರ್ಯಾನಂತರದ ಆಮದಿನ ಕಟ್ಟುಪಾಡುಗಳಿಂದ ಮ್ಯಾಚ್‌ಲೆಸ್, ಏರಿಯಲ್, ನಾರ್ಟನ್‌ಗಳ ಬಿಡಿಭಾಗಗಳು ದುರ್ಲಭವಾದಾಗ, 1955ರಿಂದ ಮದರಾಸಿನಲ್ಲಿ ತಯಾರಾಗತೊಡಗಿದ ಬುಲೆಟ್ಟಿನ ಟ್ಯಾಂಕು ಎಷ್ಟೋ ಅನಾಥ ಬಂಡಿಗಳಿಗೆ ಆಶ್ರಯವಾಯಿತು. ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಹುಡುಕಿ ತಂದುದನ್ನು ತಟ್ಟಿ ಕೂರಿಸಿಕೊಟ್ಟ ಮೇಸ್ತ್ರಿಗಳ ಕೈಚಳಕವಿಲ್ಲದಿದ್ದರೆ, ಇಂದು ವಿಂಟೇಜ್ ಮೆರವಣಿಗೆಗಳಲ್ಲಿ ಹೊರಡುವ ಬಂಡಿಗಳಲ್ಲಿ ಅನೇಕವು ಎಂದೋ ಕಬ್ಬಿಣದ ತೂಕಕ್ಕೆ ಹೋಗಿರುತ್ತಿದ್ದವು. ಅಂಥ ಬಂಡಿಯ ಮೇಲಿನ ಬುಲೆಟ್ ಟ್ಯಾಂಕನ್ನು ಅವಸರದಿಂದ ಕಿತ್ತೆಸೆಯುವವರೊಡನೆ ನನಗೆ ಜಗಳವುಂಟು. ಅದೂ ಆ ಬಂಡಿಯ ಆಯುಸ್ಸಿನ ಒಂದು ಅಧ್ಯಾಯವೇ. ಮೂಲದ್ದೇ ತ್ಯಾಜ್ಯವಾಗುವ ಪ್ರಸಂಗವೂ ಇದೆ: ನಾರ್ಟನ್ ಕಮಾಂಡೊದ ಆರಂಭದ ವರ್ಷಗಳ ಫೈಬರ್‌ಗ್ಲಾಸ್ ಟ್ಯಾಂಕಿನ ರಾಳವನ್ನು ಪೆಟ್ರೋಲಿನಲ್ಲಿ ಬೆರೆತ ಎಥನಾಲು ಮೆತ್ತಗೆ ಮಾಡಿ ಕರಗಿಸುತ್ತದೆ. ಶೇಕಡ 20 ಎಥನಾಲಿನ ಪೆಟ್ರೋಲೇ ಬಂಕುಗಳಲ್ಲಿ ದೊರೆಯುವ ನಮ್ಮಲ್ಲಿ, ಆ ಟ್ಯಾಂಕನ್ನು ಗೋಡೆಗೆ ನೇತುಹಾಕಿ ಉಕ್ಕಿನದನ್ನು ಇಡುವುದೇ ವಿವೇಕ.

ಉಕ್ಕಿನ ಹೊಸ ಟ್ಯಾಂಕುಗಳೋ, ಈಗ ಭಾರತದಲ್ಲೇ ತಯಾರಾಗಿ ಇಂಗ್ಲೆಂಡಿಗೂ ಹೋಗುತ್ತಿವೆ. ಇವುಗಳಲ್ಲಿ ಕೆಲವು ಕ್ಯಾಟಲಾಗಿನ ಚಿತ್ರಕ್ಕೆ ತದ್ವತ್ತಾಗಿದ್ದು, ತಿರುಗಿಸಿ ನೋಡಿದರೆ ಬೋಲ್ಟಿನ ತೂತು ಒಂದು ಕೂದಲೆಳೆ ಅತ್ತ, ಸುರಂಗ ಒಂದು ಬೆರಳು ಇತ್ತ ಇರುತ್ತವೆ. ಪ್ರದರ್ಶನದ ತೀರ್ಪುಗಾರನು ಅವಕ್ಕೆ ಪೂರ್ಣಾಂಕ ಕೊಟ್ಟಾನು, ರಸ್ತೆ ಕೊಡದು. ಇಂಥದನ್ನು ಕೊಂಡವನು ಅದರ ಚೆಲುವಿಗೆ ಮರುಳಾಗಿ ಒಡನೆಯೇ ಪೇಂಟರನ ಬಳಿಗೆ ಒಯ್ಯದೆ, ಬರಿಯ ತಗಡಾಗಿರುವಾಗಲೇ ಬಂಡಿಯ ಮೇಲಿಟ್ಟು, ಹ್ಯಾಂಡಲ್ಲನ್ನು ಎರಡು ಕಡೆಗೂ ಪೂರ್ತಿ ತಿರುಗಿಸಿ, ಪೆಟ್ರೋಲು ತುಂಬಿ ಒಂದು ರಾತ್ರಿ ಬಿಟ್ಟು, ಬೆಳಿಗ್ಗೆ ಅಡಿಯಲ್ಲಿ ಕೈಯಾಡಿಸಿ ನೋಡಲಿ. ಗೆರೆ ಎಳೆಯುವವನನ್ನು ಅನಂತರ ಕರೆಯಬಹುದು.