ಹರಳೆಣ್ಣೆ ಫೋಮಿನ ಅರ್ಧ ಲೆಕ್ಕ

ಹಿರಿಯೂರು ಸೀಮೆಯಲ್ಲಿ ಹರಳನ್ನು ಯಾರೂ ಮುಖ್ಯ ಬೆಳೆಯೆಂದು ಎಣಿಸುವುದಿಲ್ಲ. ಶೇಂಗಾ ಹೊಲದಲ್ಲಿ ಅಕ್ಕಡಿ ಸಾಲಾಗಿ, ಬದುವಿನ ಅಂಚಿನಲ್ಲಿ ಬೆಳೆಯುತ್ತದೆ. ಮಳೆ ಕೈಕೊಟ್ಟರೂ ಒಂದಿಷ್ಟು ಕೊಡುತ್ತದೆ. ಇಂಥ ಬೀಜದ ಎಣ್ಣೆಯಿಂದ ಶಾಖ ತಡೆಯುವ ಗಟ್ಟಿ ಪಾಲಿಯುರಿಥೇನ್ ಫೋಮ್ ಮಾಡಿದರೆ ಬಯಲುಸೀಮೆಯ ರೈತನಿಗೂ ಭೂಮಿಗೂ ಒಳಿತು ಎಂಬ ಹೊಗಳಿಕೆ ಈಚೆಗೆ ಜೋರಾಗಿದೆ. ಅದು ಅರ್ಧ ಲೆಕ್ಕದ ಮೇಲೆ ನಿಂತಿದೆ ಎಂಬುದೇ ನನ್ನ ತಕರಾರು.

ಜರ್ಮನ್ ರಸಾಯನಶಾಸ್ತ್ರಜ್ಞ ಒಟ್ಟೊ ಬೇಯರ್ 1937ರಲ್ಲಿ ತೋರಿಸಿಕೊಟ್ಟ ರಸಾಯನವನ್ನು ಮತ್ತೆ ವಿವರಿಸಬೇಕಿಲ್ಲ. ಹೈಡ್ರಾಕ್ಸಿಲ್ ಗುಂಪುಗಳಿರುವ ಪಾಲಿಯಾಲ್ ಒಂದು ಕಡೆ, ಐಸೊಸಯನೇಟ್ ಇನ್ನೊಂದು ಕಡೆ. ಎರಡೂ ಕೂಡಿದರೆ ಫೋಮ್. ಸಸ್ಯದ ಮಾತು ಬರುವುದು ಮೊದಲನೆಯದರಲ್ಲಿ ಮಾತ್ರ.

ಹರಳೆಣ್ಣೆಯ ಕೊಬ್ಬಿನಾಮ್ಲಗಳಲ್ಲಿ ನೂರಕ್ಕೆ 85ರಿಂದ 90 ಪಾಲು ರಿಸಿನೋಲಿಕ್ ಆಮ್ಲ. ಅದರ 12ನೇ ಇಂಗಾಲದಲ್ಲಿ ಹೈಡ್ರಾಕ್ಸಿಲ್ ಗುಂಪು ಹುಟ್ಟಿನಿಂದಲೇ ಇದೆ. ಸೋಯಾ, ಹೊಂಗೆ ಎಣ್ಣೆಗಳಿಗೆ ಅದನ್ನು ಕಾರ್ಖಾನೆಯಲ್ಲಿ ಕೂರಿಸಬೇಕು. ಹೊಗಳುವವರು ಇಲ್ಲಿಗೆ ನಿಲ್ಲಿಸಿಬಿಡುತ್ತಾರೆ. ತೊಡಕು ಶುರುವಾಗುವುದೇ ಇಲ್ಲಿಂದ. ಹರಳೆಣ್ಣೆಯ ಹೈಡ್ರಾಕ್ಸಿಲ್ ಮೌಲ್ಯ, ಅಂದರೆ ಆ ಗುಂಪುಗಳು ಎಷ್ಟಿವೆ ಎಂಬ ಅಳತೆ, ಸುಮಾರು 160. ಗಟ್ಟಿ ಫೋಮಿಗೆ ಸಾಮಾನ್ಯವಾಗಿ ಬೇಕಾದ್ದು 350ರಿಂದ 500. ಎಣ್ಣೆಯನ್ನು ಇದ್ದ ಹಾಗೇ ಬಳಸಿದರೆ ಸರಪಳಿಯ ತುದಿಗಳು ಜಾಲಕ್ಕೆ ಸೇರದೆ ಸಡಿಲವಾಗಿ ಉಳಿಯುತ್ತವೆ, ಒತ್ತಿದರೆ ತಗ್ಗುವ ಮೆತ್ತನೆಯ ಫೋಮ್ ಬರುತ್ತದೆ. ಅದಕ್ಕಾಗಿ ಗ್ಲಿಸರಾಲ್ ಜೊತೆ ಕಾಯಿಸಿ ಮೌಲ್ಯ ಏರಿಸುತ್ತಾರೆ.

ಆದರೆ ಪ್ರತಿ ಹೈಡ್ರಾಕ್ಸಿಲ್ ಗುಂಪಿಗೂ ಒಂದು ಐಸೊಸಯನೇಟ್ ಗುಂಪು ಬೇಕು. 100 ಕೆಜಿ ಹಸಿ ಹರಳೆಣ್ಣೆಗೆ ಎಂಡಿಐ ಎಂಬ ಐಸೊಸಯನೇಟ್ ಸುಮಾರು 39 ಕೆಜಿ ಸಾಕು. ಮೌಲ್ಯ 400 ಇರುವ ಅಷ್ಟೇ ಪಾಲಿಯಾಲ್‌ಗೆ 96 ಕೆಜಿ ಬೇಕು. ಉಬ್ಬಿಸಲು 2 ಕೆಜಿ ನೀರು ಸೇರಿಸಿದರೆ ಆ ನೀರಿಗೇ ಮತ್ತೆ 30 ಕೆಜಿ ಹೋಗುತ್ತದೆ. ವಾಡಿಕೆಯಂತೆ ನೂರಕ್ಕೆ ಹತ್ತರಷ್ಟು ಹೆಚ್ಚು ಹಾಕಿದಾಗ 140 ಕೆಜಿ ಹತ್ತಿರ ಬಂತು. ಪಾಲಿಯಾಲ್‌ನಲ್ಲಿ ಅರ್ಧ ಹರಳಿನದೇ ಎಂದಿಟ್ಟುಕೊಂಡರೂ ಇಡೀ ಫೋಮಿನಲ್ಲಿ ಹೊಲದಿಂದ ಬಂದದ್ದು ಹೆಚ್ಚುಕಡಿಮೆ ಐದರಲ್ಲಿ ಒಂದು ಪಾಲು. ಎಣ್ಣೆಯನ್ನು ಗಟ್ಟಿ ಫೋಮಿಗೆ ಒಗ್ಗಿಸಿದಷ್ಟೂ ಅದು ಬೇಡುವ ಎಂಡಿಐ ಹೆಚ್ಚುತ್ತದೆ. ಆ ಎಂಡಿಐ ಇಂದಿಗೂ ಪೆಟ್ರೋಲಿಯಂ ಬೆಂಜೀನ್‌ನಿಂದ ಅನಿಲೀನ್ ಆಗಿ, ಫಾಸ್ಜೀನ್ ಎಂಬ ವಿಷಾನಿಲದ ಜೊತೆ ಸೇರಿ ಬರುವಂಥದ್ದು.

ಹೊಳಲ್ಕೆರೆಯ ಅಡಿಕೆ ಸಿಪ್ಪೆಯಂಥ ನಾರನ್ನು ಕರಗಿಸಿ ಪಾಲಿಯಾಲ್ ಮಾಡುವ ದಾರಿಯೂ ಇದೆ. ಕರಗಿಸುವ ದ್ರಾವಕ ಪೆಟ್ರೋಲಿಯಂನದಾದರೆ ಅಲ್ಲೂ ಇದೇ ಲೆಕ್ಕ. ನನಗೆ ಹೆಚ್ಚು ಗಂಭೀರವಾಗಿ ಕಾಣುವುದು ಕರಾವಳಿಯ ಗೇರುಬೀಜದ ಸಿಪ್ಪೆ ಎಣ್ಣೆ. ಮಂಗಳೂರಿನಲ್ಲಿ ಘಟಕವಿರುವ ಕಾರ್ಡೊಲೈಟ್ ಕಂಪನಿಯ ಕಸುಬೇ ಅದು. ಆ ಎಣ್ಣೆಯಿಂದ ಬರುವ ಕಾರ್ಡನಾಲ್ ಎಂಬ ವಸ್ತುವಿನ ಬೆಂಜೀನ್ ಉಂಗುರ ಫೋಮಿಗೆ ಬಿಗಿ ಕೊಡುತ್ತದೆ, ಉದ್ದನೆಯ ಬಾಲ ನೀರನ್ನು ದೂರವಿಡುತ್ತದೆ. ಅದಕ್ಕಾಗಿ ಬೇರೆ ಹೊಲ ಉಳಬೇಕಿಲ್ಲ. ಆದರೂ ಎಂಡಿಐ ತಪ್ಪಿದ್ದಲ್ಲ.

ಇಷ್ಟು ಹೇಳಿದೊಡನೆ ಇನ್ನೊಂದು ಗುಂಪಿನವರು ತಲೆದೂಗುತ್ತಾರೆ: ಫೋಮೇ ಬೇಡ, ಚಿತ್ರದುರ್ಗದ ಹಳೆಯ ಮಾಳಿಗೆ ಮನೆಗೆ ಮರಳೋಣ. ಇವರನ್ನು ನಾನು ಒಪ್ಪಲಾರೆ. ತೊಲೆ, ಜಂತೆಯ ಮೇಲೆ ದಪ್ಪಗೆ ಹರಡಿದ ಮಣ್ಣು ಹಗಲಿನ ಬಿಸಿಲನ್ನು ಹೀರಿ ತಡವಾಗಿ ಒಳಗೆ ಬಿಡುತ್ತದೆ; ಬೇಸಿಗೆಯ ಮಧ್ಯಾಹ್ನಕ್ಕೆ ಅದು ಒಳ್ಳೆಯದೇ. ಮಳೆಗಾಲಕ್ಕೆ ಮುಂಚೆ ಚೌಳು ಮಣ್ಣು ಹೊತ್ತು ಮಾಳಿಗೆಗೆ ಹಾಕುವ ದುಡಿಮೆಯನ್ನು ಮಾತ್ರ ಇವರು ಹೇಳುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ತಡವಾಗಿ ಬಿಡುವುದೇ ಬೇರೆ, ತಡೆಯುವುದೇ ಬೇರೆ. ಹೊಸದುರ್ಗದ ದಾಳಿಂಬೆಯನ್ನು 5 ಡಿಗ್ರಿಯಲ್ಲಿ ವಾರಗಟ್ಟಲೆ ಇಡಬೇಕಾದ ಕೋಲ್ಡ್ ಸ್ಟೋರೇಜ್‌ಗೆ ಬೇಕಾದ್ದು ತಡೆ. ಹತ್ತು ಸೆಂಟಿಮೀಟರ್ ಪಫ್ (ಪಾಲಿಯುರಿಥೇನ್ ಫೋಮ್) ಪ್ಯಾನೆಲ್ ಕೊಡುವ ತಡೆಗೆ ಎರಡು ಮೀಟರಿಗೂ ದಪ್ಪನೆಯ ಮಣ್ಣಿನ ಗೋಡೆ ಕಟ್ಟಬೇಕು. ಮುಚ್ಚಿದ ಗುಳ್ಳೆಗಳಲ್ಲಿ ಶಾಖವನ್ನು ಅಷ್ಟಾಗಿ ಸಾಗಿಸದ ಅನಿಲವನ್ನು ಹಿಡಿದಿಡುವ ಫೋಮಿನ ಗುಣ ಮಣ್ಣಿಗಿಲ್ಲ. ಹಳೆಯದರ ಮೇಲಿನ ಪ್ರೀತಿಯಿಂದ ಭೌತಶಾಸ್ತ್ರ ಬದಲಾಗುವುದಿಲ್ಲ.

ಫೋಮ್ ಬೇಕು. ಅದು ಸುಧಾರಿಸಬೇಕಾದ ಜಾಗ ಬೇರೆ. ಉಬ್ಬಿಸಲು ಬಳಸುತ್ತಿದ್ದ, ಓಝೋನ್ ಪದರ ಕೆಡಿಸುವ ಎಚ್‌ಸಿಎಫ್‌ಸಿ-141ಬಿ ಆಮದನ್ನು ಭಾರತ 2020ರ ಜನವರಿ 1ರಿಂದ ನಿಲ್ಲಿಸಿತು. ಅದರಲ್ಲಿ ಸಸ್ಯದ ಹೆಸರೇ ಇರಲಿಲ್ಲ, ಆದರೂ ಅದು ದೊಡ್ಡ ಹೆಜ್ಜೆ. ಕೊವೆಸ್ಟ್ರೊ ಕಂಪನಿ 2024ರಲ್ಲಿ ಜರ್ಮನಿಯ ಲೆವರ್‌ಕುಸನ್‌ನಲ್ಲಿ ಸಸ್ಯಮೂಲ ಅನಿಲೀನ್‌ನ ಪ್ರಾಯೋಗಿಕ ಘಟಕ ತೆರೆದದ್ದು ಸರಿಯಾದ ಬಾಗಿಲು ತಟ್ಟಿದ ಕೆಲಸ. ಬೆಂಕಿಯ ವಿಷಯದಲ್ಲೂ ಎಣ್ಣೆಯ ಮೂಲ ರಕ್ಷಣೆ ಕೊಡುವುದಿಲ್ಲ. ಹರಳಿನ ಫೋಮ್ ಉರಿದರೂ ಕಾರ್ಬನ್ ಮಾನಾಕ್ಸೈಡ್, ಹೈಡ್ರೋಜನ್ ಸಯನೈಡ್ ಹೊರಡುತ್ತವೆ.

ಆದ್ದರಿಂದ ಶೀಟಿನ ಮನೆಗೋ ಹಣ್ಣಿನ ಗೋದಾಮಿಗೋ ಸಸ್ಯಮೂಲ ಪ್ಯಾನೆಲ್ ಕೊಳ್ಳುವವರು ಮಾರುವವನನ್ನು ಕೇಳಬೇಕು: ಪಾಲಿಯಾಲ್‌ನಲ್ಲಿ ಎಷ್ಟು ಎಂದಲ್ಲ, ಇಡೀ ಫೋಮಿನ ತೂಕದಲ್ಲಿ ಗಿಡದ ಪಾಲೆಷ್ಟು, ಉಬ್ಬಿಸಿದ ಅನಿಲ ಯಾವುದು, ಬೆಂಕಿ ಪರೀಕ್ಷೆಯ ವರದಿ ಎಲ್ಲಿ. ಮೂರಕ್ಕೂ ಬರಹದಲ್ಲಿ ಉತ್ತರ ಕೊಡದವನಿಗೆ ಹಸಿರಿನ ಹೆಸರಲ್ಲಿ ಹೆಚ್ಚಿನ ಬೆಲೆ ಕೊಡಬೇಡಿ.