ಬಿಳಿ ತಂತಿಗೆ ಸಿಗದ ಮರ್ಯಾದೆ

ಸುಗ್ಗಿ ಬಂತೆಂದರೆ ನಮ್ಮ ಕಡೆ ಪತ್ರಿಕೆಗಳಲ್ಲಿ ಒಂದು ಫೋಟೊ ಕಾಣಿಸಿಕೊಳ್ಳುತ್ತದೆ. ನೆಲ್ಲು ಹೇರಿದ ಟ್ರೇಲರಿನ ಬೆನ್ನಿಗೆ ಕೆಂಪು ಬಿಳಿ ಪಟ್ಟಿ ಅಂಟಿಸುತ್ತಿರುವವರು, ಪಕ್ಕದಲ್ಲಿ ಕೈಕಟ್ಟಿ ನಿಂತ ಡ್ರೈವರ್. ಆ ಹೊಳೆಯುವ ಸ್ಟಿಕ್ಕರಿಗೆ ಸಿಕ್ಕಿರುವ ಹೆಸರು ಅದರ ಯೋಗ್ಯತೆಯನ್ನು ಎಷ್ಟೋ ಮೀರಿದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಅದರ ನೆರಳಿನಲ್ಲಿ ಟ್ರೇಲರಿನ ವೈರಿಂಗ್ ಎಂಬ ಕಸುಬು ಯಾರ ಪರೀಕ್ಷೆಗೂ ಒಳಗಾಗದೆ ಕೆಡುತ್ತಾ ಬಂದಿದೆ.

ಸ್ಟಿಕ್ಕರ್ ಬೇಡವೆಂದು ನಾನು ಹೇಳುತ್ತಿಲ್ಲ. ಬಿದ್ದ ಬೆಳಕನ್ನು ಬಂದ ದಾರಿಗೇ ಹಿಂತಿರುಗಿಸುವುದು ಅದರ ಗುಣ. ಹಿಂದೆ ಬರುವ ಬೈಕಿನ ಹೆಡ್‌ಲೈಟು ಮಂಕಾಗಿದ್ದರೆ ಅದೂ ಮಂಕು. ಹತ್ತಿಯನ್ನೋ ಹುಲ್ಲನ್ನೋ ಹೊರಚಾಚುವಂತೆ ಹೇರಿದರೆ ಮುಚ್ಚಿಹೋಗುತ್ತದೆ, ಎರೆಮಣ್ಣು ಮೆತ್ತಿದರೆ ಸತ್ತೇ ಹೋಗುತ್ತದೆ. ಎಲ್ಲ ಸರಿಯಿದ್ದಾಗಲೂ ಅದು ಹೇಳುವುದು ಇಷ್ಟೇ: ಇಲ್ಲೊಂದು ಬಂಡಿ ಇದೆ. ಬಂಡಿ ನಿಧಾನವಾಗುತ್ತಿದೆ, ಎಡಕ್ಕೆ ಹೊಲದ ದಾರಿಗೆ ತಿರುಗುತ್ತಿದೆ ಎಂದು ಹೇಳುವ ಶಕ್ತಿ ಅದಕ್ಕಿಲ್ಲ. ದೇವದುರ್ಗದಿಂದಾಗಲಿ ಮಾನ್ವಿಯಿಂದಾಗಲಿ ರಾಯಚೂರಿಗೆ ಸುಮಾರು 50 ಕಿಲೋಮೀಟರ್. ಅಷ್ಟೂ ದಾರಿಯಲ್ಲಿ ಹಿಂದಿನವನಿಗೆ ಬೇಕಾದ ಸುದ್ದಿ ಈ ಎರಡನೆಯದು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಬ್ರೇಕಿಗೆ 96ನೇ ನಿಯಮ, ಇಂಡಿಕೇಟರ್ ಮತ್ತು ಸ್ಟಾಪ್ ಲೈಟಿಗೆ 102, ರಿಫ್ಲೆಕ್ಟರಿಗೆ 104, ದೀಪಗಳಿಗೆ 105. ಅಭಿಯಾನಗಳೆಲ್ಲ 104ರ ಸುತ್ತಲೇ ಸುತ್ತುತ್ತವೆ.

ಟ್ರೇಲರಿಗೆ ಬ್ರೇಕೇ ಇಲ್ಲದಿರುವ ಕಥೆ ಎಲ್ಲರಿಗೂ ಗೊತ್ತಿದೆ. 75 ಕಿಲೋ ಚೀಲ ನೂರು ಹೇರಿದರೆ ಏಳೂವರೆ ಟನ್. ಅದನ್ನು ತಡೆಯಬೇಕಾದ್ದು ಎರಡು ಟನ್ ಆಸುಪಾಸಿನ ಟ್ರ್ಯಾಕ್ಟರ್ ಇಂಜಿನ್ನಿನ ಎರಡು ಹಿಂಗಾಲಿ. ಹೊಲದಲ್ಲಿ ಬಿಡಿಸಿದ ಎಡ ಬಲ ಬ್ರೇಕ್ ಪೆಡಲುಗಳ ಕೊಂಡಿಯನ್ನು ರಸ್ತೆಗೆ ಬಂದಾಗ ಮತ್ತೆ ಹಾಕದಿದ್ದರೆ ಒಂದೇ ಗಾಲಿ ಹಿಡಿದು ಇಂಜಿನ್ ಅಡ್ಡ ತಿರುಗುತ್ತದೆ, ಹಿಂದಿನ ಭಾರ ಅದರ ಮೇಲೇರುತ್ತದೆ. ಇದನ್ನು ಇಷ್ಟಕ್ಕೇ ಬಿಡುತ್ತೇನೆ.

ನನ್ನನ್ನು ವರ್ಷಗಳಿಂದ ಕಾಡಿರುವುದು ಒಂದು ತಂತಿ. ಟ್ರ್ಯಾಕ್ಟರಿನ ಹಿಂದೆ ಟ್ರೇಲರಿಗಾಗಿ ಇಡುವ ಏಳು ಪಿನ್ನಿನ ಸಾಕೆಟಿಗೆ ಐಎಸ್‌ಒ 1724 ಎಂಬ ಅಂತರರಾಷ್ಟ್ರೀಯ ಮಾನಕವಿದೆ. ಆ ಪ್ರಕಾರ ಒಂದನೆಯದು ಎಡ ಇಂಡಿಕೇಟರ್, ಹಳದಿ. ನಾಲ್ಕನೆಯದು ಬಲ ಇಂಡಿಕೇಟರ್, ಹಸಿರು. ಆರನೆಯದು ಸ್ಟಾಪ್ ಲೈಟ್, ಕೆಂಪು. ಐದು ಮತ್ತು ಏಳು ಬಲ ಎಡದ ಹಿಂದೀಪ. ಮೂರನೆಯದು ಬಿಳಿ: ಅರ್ಥಿಂಗ್. ಉಳಿದ ತಂತಿಗಳು ಕರೆಂಟನ್ನು ಒಯ್ಯುತ್ತವೆ, ಇದೊಂದೇ ಅದನ್ನು ಬ್ಯಾಟರಿಗೆ ಮರಳಿ ತರುವುದು. ನಾನು ನೋಡಿದ ಟ್ರೇಲರುಗಳಲ್ಲಿ ಮೊದಲು ಬಿಟ್ಟುಹೋಗಿರುವುದು ಈ ಬಿಳಿಯೇ. ಮಾನ್ವಿಯ ಒಬ್ಬ ವೈರಿಂಗ್ ಮಿಸ್ತ್ರಿಯನ್ನು ಕೇಳಿದಾಗ ಅವರು ತಾಳ್ಮೆಯಿಂದಲೇ ಹೇಳಿದರು: "ಬಾಡಿನೇ ಅರ್ಥಿಂಗ್ ಅದಲ್ರಿ ಸರ್, ಮತ್ತೊಂದು ವೈರ್ ಯಾಕ್ರಿ?"

ಈ ಉತ್ತರದಲ್ಲಿ ಅರ್ಧ ಸತ್ಯವಿದೆ. ಟ್ರ್ಯಾಕ್ಟರಿನ ಬಾಡಿ ಬ್ಯಾಟರಿಯ ಮೈನಸ್ಸಿಗೆ ಸೇರಿದೆ, ನಿಜ. ಆದರೆ ಟ್ರೇಲರಿನ ಬಾಡಿಗೂ ಅದಕ್ಕೂ ಇರುವ ಸಂಬಂಧ ಒಂದು ಕೊಂಡಿಯ ಗೂಟ ಮಾತ್ರ. ಅದು ಸಡಿಲ ಇರಲೇಬೇಕು, ಇಲ್ಲದಿದ್ದರೆ ಬಂಡಿ ತಿರುಗದು. ಅದಕ್ಕೆ ಗ್ರೀಸ್ ಬಳಿದಿರುತ್ತಾರೆ. ಮೇಲೆ ತುಕ್ಕು, ಅದರ ಮೇಲೆ ಧೂಳು. ಗುಂಡಿಗೆ ಬಿದ್ದಾಗ ತಾಕುತ್ತದೆ, ಎದ್ದಾಗ ಬಿಡುತ್ತದೆ. ಅಲ್ಲಿ ದಾರಿ ತಪ್ಪಿದ ಕರೆಂಟು ಸುಮ್ಮನೆ ನಿಲ್ಲುವುದಿಲ್ಲ, ಬೇರೆ ದಾರಿ ಹುಡುಕುತ್ತದೆ. ಇಲ್ಲಿಂದ ಮುಂದೆ ನಿಧಾನವಾಗಿ ಓದಬೇಕೆಂದು ಕೋರುತ್ತೇನೆ.

ರಾತ್ರಿ, ಹಿಂದೀಪ ಉರಿಯುತ್ತಿದೆ, ಗೂಟದ ತಾಕು ಬಿಟ್ಟಿದೆ. ಹಿಂದೀಪದ ಬಲ್ಬನ್ನು ದಾಟಿ ಟ್ರೇಲರಿನ ಬಾಡಿಗೆ ಇಳಿದ ಕರೆಂಟು ಅದೇ ಬಾಡಿಗೆ ಸೇರಿರುವ ಸ್ಟಾಪ್ ಲೈಟಿನ ಬಲ್ಬಿನೊಳಗೆ ಉಲ್ಟಾ ಹೊಕ್ಕು, ಕೆಂಪು ತಂತಿ ಹಿಡಿದು, ಟ್ರ್ಯಾಕ್ಟರಿನ ಸ್ಟಾಪ್ ಲೈಟಿನ ಮೂಲಕ ಮೈನಸ್ಸಿಗೆ ಮರಳುತ್ತದೆ. ಹಿಂದೀಪ ಐದು ವಾಟಿನದು, ಸ್ಟಾಪ್ ಲೈಟು 21 ವಾಟಿನದು. ದೊಡ್ಡ ಬಲ್ಬಿನ ಮೂಲಕ ಸಣ್ಣದಕ್ಕೆ ದಾರಿ ಸಲೀಸು. ಹಾಗಾಗಿ ದೀಪ ಹೆಚ್ಚುಕಡಿಮೆ ಸರಿಯಾಗಿಯೇ ಉರಿಯುತ್ತದೆ. ಇಳಿದು ನೋಡಿದ ಡ್ರೈವರಿಗೆ ಅನುಮಾನ ಬರುವುದಿಲ್ಲ. ಈಗ ಅವನು ಬ್ರೇಕ್ ತುಳಿಯುತ್ತಾನೆ. ಕೆಂಪು ತಂತಿಗೆ 12 ವೋಲ್ಟ್ ಬರುತ್ತದೆ, ಮರಳುವ ದಾರಿಯೇ ಮುಚ್ಚಿಹೋಗುತ್ತದೆ. ಹಿಂದೀಪ, ಸ್ಟಾಪ್ ಲೈಟು ಎರಡೂ ಸೇರಿ ಇಂಡಿಕೇಟರುಗಳ ಸಂದಿಯಲ್ಲಿ ನುಸುಳಬೇಕು. ಅವುಗಳ ಪಾಲಿಗೆ ಅಂದಾಜು ಮೂರು ನಾಲ್ಕು ವೋಲ್ಟ್ ಉಳಿದೀತು. ಅಂದರೆ ಬ್ರೇಕ್ ತುಳಿದ ಗಳಿಗೆಯಲ್ಲೇ ಟ್ರೇಲರಿನ ಬೆನ್ನು ಕತ್ತಲಾಗುತ್ತದೆ! ದೀಪವೇ ಇಲ್ಲದ ಟ್ರೇಲರ್ ಮೂಕ. ಇದು ಹಾಗಲ್ಲ, ಎದುರು ಸುಳ್ಳು ಹೇಳುತ್ತದೆ. ಕೆಂಪು ದೀಪವನ್ನೇ ನಂಬಿಕೊಂಡು ಬರುತ್ತಿದ್ದವನಿಗೆ ಟ್ರೇಲರು ದೂರ ಸರಿದಂತೆ ಕಾಣುತ್ತದೆ. ಅದು ಹತ್ತಿರವಾಗುತ್ತಿರುತ್ತದೆ.

ತಂತಿಯ ದಪ್ಪದ್ದೂ ಇದೇ ಗತಿ. ಎರಡು ಸ್ಟಾಪ್ ಲೈಟಿಗೆ ಮೂರೂವರೆ ಆಂಪಿಯರ್ ಬೇಕು. ಅರ್ಧ ಚದರ ಮಿಲಿಮೀಟರಿನ ಸಪೂರ ತಾಮ್ರದ ತಂತಿ ಎಂಟು ಮೀಟರ್ ಎಳೆದರೆ ಹೋಗುವ ದಾರಿಯಲ್ಲೇ ಸುಮಾರು ಒಂದು ವೋಲ್ಟ್ ಸೋರುತ್ತದೆ, ಬರುವ ದಾರಿಯಲ್ಲಿ ಇನ್ನೊಂದು. ಬಲ್ಬಿಗೆ ಹತ್ತು ವೋಲ್ಟ್ ಸಿಕ್ಕಿದರೆ ಬೆಳಕು ಅರ್ಧಕ್ಕರ್ಧ ಇಳಿಯುತ್ತದೆ. ಒಂದೂವರೆ ಚದರ ಮಿಲಿಮೀಟರಿನದು ಎಳೆದರೆ ಈ ರಗಳೆಯೇ ಇಲ್ಲ.

ಇಲ್ಲಿ ಅಪಘಾತಗಳ ಬಗ್ಗೆ ಬರೆಯುವ ನನ್ನ ವೃತ್ತಿಬಾಂಧವರ ಮೇಲೆ ನನಗೆ ತಕರಾರಿದೆ. ಅವರ ಬರಹಗಳಲ್ಲಿ ಅಪರಾಧಿ ಮೊದಲೇ ಗೊತ್ತಾಗಿರುತ್ತಾನೆ: ಡೆಕ್ಕಿನಲ್ಲಿ ಹಾಡು ಜೋರಾಗಿ ಹಾಕಿಕೊಂಡ, ಲೈಸೆನ್ಸ್ ಇಲ್ಲದ, ಕುಡಿದ ಡ್ರೈವರ್. ಅಂಥವರು ಇದ್ದಾರೆ. ಆದರೆ ಕುಡಿಯದ, ಹಾಡು ಹಾಕದ, ಸರಿಯಾದ ಹೊತ್ತಿಗೆ ಬ್ರೇಕ್ ತುಳಿದ ಡ್ರೈವರಿನ ಬೆನ್ನ ಹಿಂದೆಯೂ ಮೇಲೆ ಹೇಳಿದ ಕತ್ತಲು ಕವಿಯುತ್ತದೆ. ಡ್ರೈವರಿನ ನಡತೆಯ ಬಗ್ಗೆ ಎರಡು ಕಾಲಂ ಬರೆದವರಲ್ಲಿ ಒಬ್ಬರೂ ಬಗ್ಗಿ ಸಾಕೆಟಿನ ಮುಚ್ಚಳ ಎತ್ತಿ ನೋಡಿದ್ದನ್ನು ನಾನು ಓದಿಲ್ಲ. ಇನ್ನು ಕೆಲವರು ರೈತನ ಪರವಾಗಿ ಮಾತಾಡುತ್ತೇವೆಂದು "ಈ ಕೆಸರು ಧೂಳಿನಲ್ಲಿ ಪ್ಲಗ್ಗು ಸಾಕೆಟ್ಟು ಬಾಳುವುದಿಲ್ಲ, ಬಡವನಿಗೆ ಖರ್ಚು ಹೇರಬೇಡಿ" ಎನ್ನುತ್ತಾರೆ. ಅದೇ ಕೆಸರಿನಲ್ಲಿ ಹೈಡ್ರಾಲಿಕ್ ಪೈಪು ಬಾಳುತ್ತದೆ, ಮೋಟರಿನ ಸ್ಟಾರ್ಟರ್ ಬಾಳುತ್ತದೆ, ಯಾಕೆಂದರೆ ಅವನ್ನು ರೈತ ಕಾಯುತ್ತಾನೆ. ರೈತನಿಗೆ ಇದು ತಿಳಿಯದು ಎಂದುಕೊಳ್ಳುವುದೇ ಅವನಿಗೆ ಮಾಡುವ ಅವಮಾನ. ರಾಯಚೂರಿನಲ್ಲೇ ಕೃಷಿ ಇಂಜಿನಿಯರಿಂಗ್ ಕಾಲೇಜಿದೆ. ಅಲ್ಲಿಯವರು ಊರಿನ ಮಾರುಕಟ್ಟೆಯಾದ ರಾಜೇಂದ್ರ ಗಂಜಿನ ಗೇಟಿನಲ್ಲಿ ಸುಗ್ಗಿಯ ಒಂದು ವಾರ ನಿಂತು ಬಿಳಿ ತಂತಿ ಎಷ್ಟು ಟ್ರೇಲರುಗಳಲ್ಲಿದೆ ಎಂದು ಎಣಿಸಿದರೆ, ನಮ್ಮೆಲ್ಲರ ಕಾಲಂಗಳಿಗಿಂತ ಅದು ಬೆಲೆಬಾಳುತ್ತದೆ.

ಅಮೆರಿಕ, ಆಸ್ಟ್ರೇಲಿಯಾಗಳಲ್ಲಿರುವಂತೆ ಎಲೆಕ್ಟ್ರಿಕ್ ಬ್ರೇಕ್ ಇರುವ ಟ್ರೇಲರ್ ತನ್ನಿ ಎನ್ನುವವರೂ ಇದ್ದಾರೆ. ಅಲ್ಲಿ ಗಾಲಿಯ ಡ್ರಮ್ಮಿನೊಳಗೆ ಒಂದೊಂದು ಅಯಸ್ಕಾಂತ, ಒಂದೊಂದಕ್ಕೂ ಸುಮಾರು ಮೂರು ಆಂಪಿಯರ್, ಡ್ರೈವರಿನ ಹತ್ತಿರ ಕಂಟ್ರೋಲರ್, ಕೊಂಡಿ ಕಳಚಿದರೆ ತಾನೇ ಬ್ರೇಕ್ ಹಿಡಿಸಲು ಟ್ರೇಲರಿನಲ್ಲೇ ಸಣ್ಣ ಬ್ಯಾಟರಿ. ಒಳ್ಳೆಯ ವ್ಯವಸ್ಥೆ. ಆದರೆ ಆ ಕರೆಂಟೂ ಮರಳುವುದು ಬಿಳಿ ತಂತಿಯಲ್ಲೇ. ಗೂಟವನ್ನು ನಂಬುವ ಕಸುಬಿನ ಕೈಗೆ ಅದನ್ನು ಕೊಟ್ಟರೆ ಗುಂಡಿಗೊಮ್ಮೆ ಬ್ರೇಕ್ ಬಿಡುತ್ತದೆ. ಭಾರ ಮುಂದಕ್ಕೆ ಒತ್ತಿದಾಗ ತಾನೇ ಹಿಡಿಯುವ, ಕರೆಂಟಿನ ಹಂಗಿಲ್ಲದ ಬ್ರೇಕ್ ಇಲ್ಲಿಗೆ ಮೇಲು; ಜೊತೆಗೆ ಏಳೂ ಪಿನ್ ತುಂಬಿದ ಸಾಕೆಟ್.

ಅಲ್ಲಿಯವರೆಗೆ ಗಂಜಿಗೆ ಹೊರಡುವ ಮುನ್ನ ಮನೆಯ ಮುಂದೆಯೇ ಮಾಡಬಹುದಾದ ಪರೀಕ್ಷೆಯೊಂದಿದೆ. ಲೈಟು ಹಾಕಿ ಒಬ್ಬರು ಬ್ರೇಕ್ ತುಳಿಯಲಿ, ಇನ್ನೊಬ್ಬರು ಹಿಂದೆ ನಿಂತು ನೋಡಲಿ, ಮೂರನೆಯವರು ಕೊಂಡಿಯನ್ನು ಅಲುಗಾಡಿಸಲಿ. ಕೆಂಪು ಕುಗ್ಗಿದರೆ ಟ್ರ್ಯಾಕ್ಟರಿನ ಬಾಡಿಯಿಂದ ಟ್ರೇಲರಿನ ಬಾಡಿಗೆ ಒಂದು ತುಂಡು ತಂತಿ ಹಿಡಿದು ಮತ್ತೆ ತುಳಿದು ನೋಡಿ. ಬೆಳಕು ಜಗ್ಗನೆ ಏರುತ್ತದೆ.